18,500 ರೂಪಾಯಿಯ ಕೀಬೋರ್ಡಿಗೆ ಆಯಿ ಹತ್ತಿರ ಏನಂತ ಲೆಕ್ಕ ಕೊಡಲಿ?

ಕಾಳಿ ದಂಡೆ, ಕಾರವಾರ

ಮೊದಲೇ ಹೇಳಿಬಿಡುತ್ತೇನೆ, ಇದು ಬಡಾಯಿ ಪೋಸ್ಟ್ ಅಲ್ಲ. ಅರ್ಧ ತಪ್ಪೊಪ್ಪಿಗೆ, ಅರ್ಧ ಲೆಕ್ಕಪತ್ರ.

ನನ್ನದು ಪೂರ್ತಿ ಟೈಪಿಂಗ್ ಕೆಲಸ. ಕೋಡಿಬಾಗದ ಮನೆಯಲ್ಲಿ ಕೂತು ಮದುವೆ ಕಾಗದ, ಸೊಸೈಟಿಗಳ ವಾರ್ಷಿಕ ವರದಿ, ಅನುವಾದ, ಯಾರದೋ ಅಜ್ಜನ ನೆನಪಿನ ಪುಸ್ತಕ, ಬಂದದ್ದೆಲ್ಲ ಮಾಡುತ್ತೇನೆ. ವಾರಕ್ಕೆ ಎರಡು ದಿನ ಒಂದು ಕಚೇರಿಗೆ ಹೋಗಿ ಅಲ್ಲಿಯ ಕಂಪ್ಯೂಟರಿನಲ್ಲೂ ಟೈಪ್ ಮಾಡುತ್ತೇನೆ. ದಿನಕ್ಕೆ ಆರೇಳು ತಾಸು ಕೈ ಕೀಬೋರ್ಡಿನ ಮೇಲೇ. ಇಷ್ಟು ವರ್ಷ 450 ರೂಪಾಯಿಯ ಕೀಬೋರ್ಡಿನಲ್ಲೇ ಕಳೆದೆ. ಒಂದೂವರೆ ವರ್ಷಕ್ಕೊಂದು ಕೈ ಕೊಡುತ್ತಿತ್ತು, ಇನ್ನೊಂದು ತರುತ್ತಿದ್ದೆ. ಕಳೆದ ಆಷಾಢದಲ್ಲಿ ಎಫ್ ಕೀ ಸತ್ತುಹೋಯಿತು. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಗೊತ್ತು, ಎಫ್ ಹೋದರೆ ಒತ್ತಕ್ಷರವೇ ಹೋದ ಹಾಗೆ. 'ಕನ್ನಡ' ಹೋಗಿ 'ಕನನಡ' ಆಯಿತು. ಮರುದಿನ ಬೆಳಿಗ್ಗೆ ಒಂದು ಮದುವೆ ಕಾಗದ ಪ್ರೆಸ್ಸಿಗೆ ಹೋಗಬೇಕಿತ್ತು.

ಆ ಸಿಟ್ಟಿನಲ್ಲಿ, ಬಿಡಿಭಾಗ ತಂದು ಕೈಯಾರೆ ಜೋಡಿಸಿಕೊಳ್ಳುವ ಮೆಕ್ಯಾನಿಕಲ್ ಕೀಬೋರ್ಡಿನ ವಿಡಿಯೊ ನೋಡಲು ಕೂತೆ. ಅಲ್ಲೇ ಹಾಳಾದೆ.

ಬಿಲ್ಲು ಹೀಗಿದೆ. ಅಲ್ಯೂಮಿನಿಯಂ ಕೇಸು, ಪಿಸಿಬಿ (ಒಳಗಿನ ಸರ್ಕ್ಯೂಟ್ ಹಲಗೆ), ಸ್ವಿಚ್ಚು ಕೂರಿಸುವ ಪ್ಲೇಟು ಎಲ್ಲ ಸೇರಿದ 65 ಪರ್ಸೆಂಟ್, ಅಂದರೆ ಸಣ್ಣ ಅಳತೆಯ, ಕಿಟ್ 8,500. ಸ್ವಿಚ್ಚು 70, ಒಂದಕ್ಕೆ 28ರಂತೆ 1,960. ಪಿಬಿಟಿ ಪ್ಲಾಸ್ಟಿಕ್ಕಿನ ಕೀಕ್ಯಾಪು, ಅಂದರೆ ಕೀಗಳ ಮೇಲಿನ ಟೋಪಿ, 2,400. ಉದ್ದ ಕೀಗಳು ಓರೆಯಾಗದ ಹಾಗೆ ಹಿಡಿಯುವ ಸ್ಟೆಬಿಲೈಜರ್ 1,100. ಸ್ವಿಚ್ಚಿಗೆ ಹಚ್ಚುವ ಗ್ರೀಸು, ಸಣ್ಣ ಡಬ್ಬಿ, 700. ಬ್ರಶ್ಶು, ಚಿಮಟ, ಸ್ವಿಚ್ ಬಿಚ್ಚುವ ಸಾಧನ 650. ಸ್ವಿಚ್ಚಿನ ಮಧ್ಯೆ ಇಡುವ ತೆಳು ಫಿಲ್ಮು 300. ಸುರುಳಿ ಕೇಬಲ್ಲು 900, ಇದನ್ನು ಯಾಕೆ ತಗೊಂಡೆ ಅಂತ ಇವತ್ತಿಗೂ ಗೊತ್ತಿಲ್ಲ. ಕೊರಿಯರ್ 450. ಮೊದಲು ತಂದ ಸ್ವಿಚ್ಚು ಇಷ್ಟವಾಗದೆ ಇನ್ನೊಂದು ಸೆಟ್, 22ರಂತೆ 70, ಅಂದರೆ 1,540. ಕೂಡಿಸಿ, 18,500.

ಆಯಿಗೆ ಕೊರಿಯರ್ ಹುಡುಗನಿಂದಲೇ ವಿಷಯ ಗೊತ್ತಾಯಿತು. ಬೈಯಲಿಲ್ಲ. ಕನ್ನಡಕ ಏರಿಸಿ ಕೀಬೋರ್ಡು ನೋಡಿದಳು. ಕೇಳಿದ್ದು ಒಂದೇ ಮಾತು: "ಇದರಲ್ಲಿ ಒತ್ತಿದರೆ ಬೇರೆ ಅಕ್ಷರ ಬರ್ತದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ಕೀಬೋರ್ಡು ಕಟ್ಟಿಕೊಂಡವರು ಒಂದಿಬ್ಬರಾದರೂ ಇದ್ದೀರಿ. ಎಲ್ಲಿ ದುಡ್ಡು ಸಾರ್ಥಕ, ಎಲ್ಲಿ ದಂಡ, ಬಿಚ್ಚಿ ಹೇಳಿ.

ಸುಮ್ನೆ ಓದುವವ, ಅಂಕೋಲಾ

ಲೆಕ್ಕ ನಾನು ಮಾಡಿಕೊಡುತ್ತೇನೆ. 18,500ಕ್ಕೆ 450ರ ಕೀಬೋರ್ಡು 41 ಬರುತ್ತವೆ. ಒಂದು ಒಂದೂವರೆ ವರ್ಷ ಬಂದರೆ 61 ವರ್ಷ. ನೀವು, ನಿಮ್ಮ ಮಗ, ಅವನ ಮಗನ ಶಾಲೆ ಪ್ರಾಜೆಕ್ಟು, ಅಷ್ಟೂ ಆಗುತ್ತದೆ.

ಆಯಿ ಕೇಳಿದ್ದು ಸರಿಯಾಗೇ ಇದೆ. ನಾನೂ ಅದನ್ನೇ ಕೇಳುತ್ತೇನೆ.

ಚಾಲಿ ರಾಶಿ, ಶಿರಸಿ

ಅಂಕೋಲಾ ಭಾವಾ, ಬಾಯಿ ಮುಚ್ಚು ಮಾರಾಯಾ, ಹೊಟ್ಟೆಕಿಚ್ಚು ಕಾಣ್ತಾ ಇದೆ 😄

ಕಾರವಾರದವರೇ, ನಿಮ್ಮದು ಹೆಚ್ಚುಕಮ್ಮಿ ಅರ್ಧ ಕ್ವಿಂಟಲ್ ಚಾಲಿ ಅಡಿಕೆಯ ದುಡ್ಡು. ನನ್ನ ಕತೆ ಕೇಳಿ ಸಮಾಧಾನ ಮಾಡಿಕೊಳ್ಳಿ. ನಾನು ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವನು. ಬೆಳಿಗ್ಗೆ ತೋಟ, ಹತ್ತು ಗಂಟೆ ಮೇಲೆ ಕೋಡಿಂಗು. ಈ ಹುಚ್ಚು ಹತ್ತಿದ ಮೊದಲ ವರ್ಷ ಒಂದು ಗ್ರೂಪ್ ಬೈ ಸೇರಿದೆ. ಗೊತ್ತಿಲ್ಲದವರಿಗೆ: ಗ್ರೂಪ್ ಬೈ ಅಂದರೆ ಮೊದಲು ಎಲ್ಲರೂ ಪೂರ್ತಿ ದುಡ್ಡು ಕೊಡುವುದು, ಆರ್ಡರ್ ಸಾಕಷ್ಟು ಸೇರಿದ ಮೇಲೆ ಫ್ಯಾಕ್ಟರಿಯವರು ಮಾಡಲು ಶುರು ಮಾಡುವುದು. ಕೀಕ್ಯಾಪಿನ ಸೆಟ್ಟು, ಬರೀ ಪ್ಲಾಸ್ಟಿಕ್ಕು, 11,000. ಆರು ತಿಂಗಳು ಅಂದರು. ಹದಿನೇಳು ತಿಂಗಳು ಕಾದೆ. ಆ ಮಧ್ಯೆ ಮಾರಿಕಾಂಬಾ ಜಾತ್ರೆ ಬಂದು ಹೋಯಿತು. ಕೊನೆಗೆ ಆ ಮಾರಾಟಗಾರನ ಸೈಟೇ ತೆರೆಯಲಿಲ್ಲ. ಮೇಲ್ ಮಾಡಿದರೆ ವಾಪಸ್ ಬಂತು. ದುಡ್ಡು ನೀರಲ್ಲಿ ಹೋಮ.

ಆಮೇಲಿಂದ ನನ್ನದು ಒಂದೇ ನಿಯಮ. ಸ್ಟಾಕ್ ಇದ್ದರೆ ಮಾತ್ರ ದುಡ್ಡು. 'ಬರ್ತದೆ' ಅನ್ನುವ ಮಾತಿಗೆ ದುಡ್ಡು ಕೊಡುವುದಿಲ್ಲ. ಅಡಿಕೆ ವ್ಯಾಪಾರದಲ್ಲಿ ಮಾಲು ನೋಡದೆ ರೇಟು ಹೇಳುತ್ತಾರಾ?

ಆದರೆ ಒಂದು ಮಾತು. ಇವತ್ತು ನಿಮಗೆ 22 ರೂಪಾಯಿಗೆ ಒಳ್ಳೆ ಸ್ವಿಚ್ಚು ಸಿಕ್ಕಿದ್ದು ಸಣ್ಣ ವಿಷಯ ಅಲ್ಲ. ಈ ಎಂಎಕ್ಸ್ ಸ್ವಿಚ್ಚು ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದದ್ದು. ಅದರ ಪೇಟೆಂಟು 2014ರ ಹೊತ್ತಿಗೆ ಮುಗಿಯಿತು. ಆಮೇಲೆ ಗೇಟೆರಾನ್, ಕೈಲ್, ಔಟೆಮು ಅಂತ ಚೀನಾದ ಕಂಪನಿಗಳು ಅದೇ ಅಳತೆಯಲ್ಲಿ ರಾಶಿ ಹಾಕಿದವು. ಅದೇ ಕಾಲು, ಅದೇ ತಲೆ. ಹಾಗಾಗಿ ಯಾವ ಕಂಪನಿಯ ಸ್ವಿಚ್ಚಿಗೂ ಯಾವ ಕಂಪನಿಯ ಕ್ಯಾಪು ಬೇಕಾದರೂ ಕೂರುತ್ತದೆ. ಕೆಲವು ಚೀನಾ ಸ್ವಿಚ್ಚು ಮೂಲದ್ದಕ್ಕಿಂತ ನುಣುಪು. ದುಬಾರಿ ಆಗಿದ್ದು ಸ್ವಿಚ್ಚಲ್ಲ, ಅಲ್ಯೂಮಿನಿಯಂ ಡಬ್ಬಿ.

ನಿಮ್ಮ ಮೊದಲಿನ ಸೆಟ್ ಆ ಟಕ್ ಟಕ್ ಅನ್ನುವ ಬ್ಲೂ ಸ್ವಿಚ್ಚಾಗಿತ್ತು ಅಂತ ನನ್ನ ಊಹೆ. ಹೌದಾ?

ಕಾಳಿ ದಂಡೆ

ಹೌದು. ಹೇಗೆ ಗೊತ್ತಾಯಿತು?

ಚಾಲಿ ರಾಶಿ

ಎಲ್ಲರೂ ಅಲ್ಲೇ ಬೀಳುವುದು. ನಾನು ಬ್ಲೂ ಹಾಕಿ ರಾತ್ರಿ ಟೈಪ್ ಮಾಡಿದರೆ ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತ ಹಾಗೆ ಕೇಳುತ್ತಿತ್ತು. ಹತ್ತು ಮೆಟ್ಟುಗತ್ತಿ ಒಟ್ಟಿಗೆ, ಟಕ್ ಟಕ್ ಟಕ್. ಮೂರನೇ ದಿನ ಹೆಂಡತಿ ಹೇಳಿದಳು, ಸುಲಿಯುವುದೇ ಆದರೆ ನಿಜವಾದ ಅಡಿಕೆ ಸುಲಿ, ಕೂಲಿಯಾದರೂ ಉಳಿಯುತ್ತದೆ.

ಬೆಸುಗೆ, ಹೊನ್ನಾವರ

ನನ್ನದು ರಿಪೇರಿ ಅಂಗಡಿ. ಟಿವಿ, ಮಿಕ್ಸಿ, ಲ್ಯಾಪ್‌ಟಾಪು, ಬೋಟಿನ ಫಿಶ್ ಫೈಂಡರ್, ಎಲ್ಲ ಬರುತ್ತವೆ. ಅಗ್ಗದ ಕೀಬೋರ್ಡು ಮಾತ್ರ ಯಾರೂ ರಿಪೇರಿಗೆ ತರುವುದಿಲ್ಲ, ಎಸೆಯುತ್ತಾರೆ. ಎಸೆದದ್ದನ್ನು ನಾನು ಬಿಚ್ಚುತ್ತೇನೆ. ಹಾಗಾಗಿ ಎಫ್ ಕೀ ಯಾಕೆ ಸತ್ತಿತು ಅಂತ ಹೇಳಬಲ್ಲೆ.

450ರ ಕೀಬೋರ್ಡಿನ ಒಳಗೆ ಮೂರು ಪ್ಲಾಸ್ಟಿಕ್ ಹಾಳೆ ಇರುತ್ತವೆ. ಮೇಲಿನದಕ್ಕೂ ಕೆಳಗಿನದಕ್ಕೂ ಕರೆಂಟು ಹರಿಯುವ ಶಾಯಿಯಲ್ಲಿ ಗೆರೆ ಎಳೆದಿರುತ್ತಾರೆ. ನಡುವಿನದಕ್ಕೆ ತೂತು. ಮೇಲೆ ರಬ್ಬರಿನ ಗುಮ್ಮಟ. ಒತ್ತಿದಾಗ ಎರಡು ಹಾಳೆ ತೂತಿನಲ್ಲಿ ಮುಟ್ಟುತ್ತವೆ, ಅಕ್ಷರ ಬರುತ್ತದೆ. ನಮ್ಮ ದಂಡೆಯ ಗಾಳಿಯಲ್ಲಿ ಉಪ್ಪು ಇದೆ, ತೇವ ಇದೆ. ಅದು ಹಾಳೆಯ ಸಂದಿಯಲ್ಲಿ ಸೇರಿ ಗೆರೆಯನ್ನು ತಿನ್ನುತ್ತದೆ. ಗೆರೆ ಎಲ್ಲಿ ತುಂಡಾಯಿತೋ ಅಲ್ಲಿಂದ ಮುಂದಿನ ಕೀ ಹೋಗುತ್ತದೆ, ಒಂದೇ ಇರಬಹುದು, ಹಲವೂ ಇರಬಹುದು. ಅದಕ್ಕೆ ಬೆಸುಗೆ ಹಾಕಲಿಕ್ಕೆ ಬರುವುದಿಲ್ಲ, ಪ್ಲಾಸ್ಟಿಕ್ ಕರಗುತ್ತದೆ. ಅಲ್ಲಿಗೆ ಮುಗಿಯಿತು.

ಮೆಕ್ಯಾನಿಕಲ್‌ನಲ್ಲಿ ಒಂದೊಂದು ಕೀಗೂ ಒಂದೊಂದು ಸ್ವಿಚ್ಚು. ಸತ್ತರೆ ಅದೊಂದೇ ಸಾಯುತ್ತದೆ. ಹಾಟ್‌ಸ್ವಾಪ್ ಸಾಕೆಟ್ ಇದ್ದರೆ ಕಿತ್ತು ಬೇರೆ ಚುಚ್ಚಿದರಾಯಿತು, 28 ರೂಪಾಯಿ, ಅರ್ಧ ನಿಮಿಷ.

ಆದರೆ 'ಇದು ಜನ್ಮಕ್ಕೊಂದು' ಅನ್ನುವ ಮಾತು ನಂಬಬೇಡಿ. ಡಬ್ಬಿಯ ಮೇಲೆ 5 ಕೋಟಿ ಒತ್ತು, 10 ಕೋಟಿ ಒತ್ತು ಅಂತ ಬರೆದಿರುತ್ತಾರೆ. ದಿನಕ್ಕೆ 5,000 ಸಲ ಎಫ್ ಒತ್ತಿದರೂ 5 ಕೋಟಿ ಆಗಲು 10,000 ದಿನ ಬೇಕು, 27 ವರ್ಷ. ಅಷ್ಟರಲ್ಲಿ ನಮ್ಮಲ್ಲಿ ತುಕ್ಕು ಗೆದ್ದಿರುತ್ತದೆ. ಮೊದಲು ಹೋಗುವುದು ಸ್ವಿಚ್ಚಲ್ಲ, ಸ್ಟೆಬಿಲೈಜರಿನ ತಂತಿ. ಸ್ಪೇಸ್‌ಬಾರು, ಎಂಟರು, ಎಡ ಶಿಫ್ಟಿನ ಕೆಳಗೆ ಒಂದೊಂದು ಬಗ್ಗಿಸಿದ ತಂತಿ ಇರುತ್ತದೆ ನೋಡಿ, ಅದಕ್ಕೆ ಗ್ರೀಸು ಸರಿಯಾಗಿ ಹಚ್ಚದಿದ್ದರೆ ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ. ಆಮೇಲೆ ಗಲಗಲ ಶಬ್ದ. ಉಕ್ಕಿನ ಪ್ಲೇಟಾದರೆ ಅಂಚಿನಲ್ಲಿ ತುಕ್ಕು. ಹಿತ್ತಾಳೆ ಪ್ಲೇಟು ದೇವರ ಕೋಣೆಯ ದೀಪದ ಹಾಗೆ ಕಪ್ಪಾಗುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಲಿಕ್ಕೆ ಆಗುವುದಿಲ್ಲ. ದಂಡೆಯವರು ಎಫ್‌ಆರ್4 (ಪಿಸಿಬಿ ಮಾಡುವ ಫೈಬರ್ ಹಲಗೆ) ಅಥವಾ ಪಾಲಿಕಾರ್ಬನೇಟ್ ಪ್ಲೇಟು ತಗೊಳ್ಳಿ. ಅಗ್ಗ, ತುಕ್ಕು ಇಲ್ಲ, ಬೆರಳಿಗೂ ಮೆತ್ತಗೆ.

ಇನ್ನೊಂದು. ಸ್ವಿಚ್ಚು ಚುಚ್ಚುವಾಗ ಪಿಸಿಬಿಯ ಹಿಂಬದಿಗೆ ಬೆರಳು ಆನಿಸಿ ಹಿಡಿಯಿರಿ. ಮೇಲಿಂದ ಸುಮ್ನೆ ಒತ್ತಿದರೆ ಸಾಕೆಟ್ಟೇ ಪ್ಯಾಡಿನ ಸಮೇತ ಕಿತ್ತು ಬರುತ್ತದೆ. ನನ್ನ ಹತ್ತಿರ ರಿಪೇರಿಗೆ ಬಂದ ಎರಡೇ ಎರಡು ಮೆಕ್ಯಾನಿಕಲ್ ಕೀಬೋರ್ಡು ಇದೇ ಕಾರಣಕ್ಕೆ ಬಂದದ್ದು.

ಕಾಳಿ ದಂಡೆ

ಬೆಸುಗೆಯವರೇ, ನಿಮ್ಮ ಸ್ಟೆಬಿಲೈಜರ್ ಮಾತು ಓದಿ ಈಗಷ್ಟೇ ಸ್ಪೇಸ್‌ಬಾರ್ ಎತ್ತಿ ನೋಡಿದೆ. ಬೆಳ್ಳಗೇ ಇದೆ. ಬದುಕಿದೆ.

ಗ್ರೀಸು ಹಚ್ಚಿದ ರಾತ್ರಿಯ ಕತೆ ಹೇಳಲೇಬೇಕು. ಕರೆಂಟು ಏಳೂವರೆಗೆ ಹೋಯಿತು. ಮಳೆ ಹಂಚಿನ ಮೇಲೆ ಒಂದೇ ಸಮನೆ. ಚಾರ್ಜಿಂಗ್ ಲೈಟು ಇಟ್ಟುಕೊಂಡು ಚಾಪೆ ಮೇಲೆ ಕೂತೆ. ಎದುರಿಗೆ 68 ಸ್ವಿಚ್ಚು. ಒಂದೊಂದರಲ್ಲಿ ನಾಲ್ಕು ತುಂಡು: ಮೇಲಿನ ಗೂಡು, ಕೆಳಗಿನ ಗೂಡು, ಒಳಗೆ ಜಾರುವ ಕಾಂಡ, ಸ್ಪ್ರಿಂಗು. ಕೆಳಗಿನ ಗೂಡಿನಲ್ಲಿ ಎರಡು ಬದಿಗೂ ಸಣ್ಣ ಹಳಿ ಇರುತ್ತದೆ. ಅದರ ಮೇಲೆ ಬ್ರಶ್ಶಿನಿಂದ ಒಂದು ಎಳೆ ಗ್ರೀಸು. ಎಷ್ಟು ತೆಳು ಅಂದರೆ, ಹಚ್ಚಿದ್ದು ಕಾಣಬಾರದು, ಹೊಳೆಯಬೇಕು ಅಷ್ಟೇ. ಜಾಸ್ತಿಯಾದರೆ ಕೀ ಹಸಿ ಮಣ್ಣಿನಲ್ಲಿ ಕಾಲಿಟ್ಟ ಹಾಗೆ ಮೇಲೆ ಬರುವುದೇ ಇಲ್ಲ. ನನ್ನ ಮೊದಲ ಹನ್ನೆರಡು ಹಾಗೇ ಆದವು. ಒರೆಸಿ ಮತ್ತೆ ಹಚ್ಚಿದೆ.

ಇಪ್ಪತ್ತನೆಯದಕ್ಕೆ ಬರುವ ಹೊತ್ತಿಗೆ ಕೈಗೆ ಲಯ ಸಿಕ್ಕಿತು. ಬಿಚ್ಚು, ಹಚ್ಚು, ಸ್ಪ್ರಿಂಗು, ಕಾಂಡ, ಟಪ್ ಅಂತ ಮುಚ್ಚು. ಆಯಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳೇ ಸ್ಪ್ರಿಂಗುಗಳನ್ನು ತಟ್ಟೆಯಲ್ಲಿ ಸಾಲಾಗಿ ಇಡಲು ಶುರು ಮಾಡಿದಳು, ಮಲ್ಲಿಗೆ ಮಾಲೆಗೆ ಮೊಗ್ಗು ಜೋಡಿಸಿಕೊಡುವ ಹಾಗೆ. ಒಂದು ಸ್ಪ್ರಿಂಗು ಹಾರಿ ಎಲ್ಲೋ ಹೋಯಿತು, ಇನ್ನೂ ಸಿಕ್ಕಿಲ್ಲ. ಅದಕ್ಕೇ ಎರಡು ಹೆಚ್ಚಿಗೆ ತರಿಸಿದ್ದು. ಮುಗಿದಾಗ ಹನ್ನೆರಡು ಗಂಟೆ. ನಾಲ್ಕೂವರೆ ತಾಸು.

ಆ ನಾಲ್ಕೂವರೆ ತಾಸಿಗೆ ಟೈಪಿಂಗ್ ರೇಟು ಹಾಕಿದರೆ ಬಿಲ್ಲು ಇನ್ನೂ ಏರುತ್ತದೆ. ಹಾಕುವುದಿಲ್ಲ.

ಬೆರಳಚ್ಚು ಅಕ್ಕೋರು, ಕುಮಟಾ

ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ಈ ವಿಷಯ ನೋಡಿ ಸುಮ್ಮನಿರಲು ಆಗಲಿಲ್ಲ. 31 ವರ್ಷ ಟೈಪಿಂಗ್ ಕಲಿಸಿದ್ದೇನೆ, ಕನ್ನಡ ಮತ್ತು ಇಂಗ್ಲಿಷ್, ಜೂನಿಯರ್, ಸೀನಿಯರ್ ಎರಡೂ.

ತಮ್ಮಾ, ನೀವು ಈಗ ಗ್ರೀಸು, ಸ್ಪ್ರಿಂಗು ಅಂತ ಹೇಳುವುದನ್ನೆಲ್ಲ ನಾವು ಭಾನುವಾರ ಮಾಡುತ್ತಿದ್ದೆವು. ನಮ್ಮಲ್ಲಿ ಎಂಟು ಮಷೀನು ಇದ್ದವು, ಹೆಚ್ಚಿನವು ಗೋದ್ರೆಜ್. ಗೋದ್ರೆಜ್‌ನವರು 1955ರಿಂದ ಟೈಪ್‌ರೈಟರ್ ತಯಾರಿಸುತ್ತಿದ್ದರು. ಕುಮಟೆಯ ಗಾಳಿಗೆ ಅಕ್ಷರದ ಕಡ್ಡಿಗಳು ಬಿಗಿದುಕೊಳ್ಳುತ್ತಿದ್ದವು. ಹಳೇ ಹಲ್ಲುಜ್ಜುವ ಬ್ರಶ್ಶು, ಸೀಮೆಎಣ್ಣೆ, ಆಮೇಲೆ ಎರಡೇ ಹನಿ ಮಷೀನ್ ಎಣ್ಣೆ. ಮೂರನೇ ಹನಿ ಬಿದ್ದರೆ ಧೂಳು ಹಿಡಿಯುತ್ತದೆ. ನಿಮ್ಮ 'ಕಾಣಬಾರದು, ಹೊಳೆಯಬೇಕು' ಓದಿ ನಗು ಬಂತು.

ಒಂದು ವಿಷಯ ಯಾರೂ ಹೇಳಲಿಲ್ಲ. ಕಿರುಬೆರಳು. ಟೈಪ್‌ರೈಟರಿನಲ್ಲಿ ಶಿಫ್ಟ್ ಒತ್ತಿದರೆ ನಿಜವಾಗಿ ಭಾರ ಎತ್ತಬೇಕಿತ್ತು, ಅದೂ ಕಿರುಬೆರಳಿನಲ್ಲಿ. ಮಕ್ಕಳು ಮೊದಲ ತಿಂಗಳು ಕೈ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ಕಂಪ್ಯೂಟರು ಬಂದ ಮೇಲೆ ಭಾರ ಹೋಯಿತು. ಆದರೆ ಕನ್ನಡದಲ್ಲಿ ಶಿಫ್ಟು ಕಡಿಮೆ ಆಗಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ, ಅದೇ ನುಡಿಯಲ್ಲಿ ಇರುವುದು, ಬಹಳ ಜಾಣ ವಿನ್ಯಾಸ. ಉಚ್ಚಾರ ಗೊತ್ತಿದ್ದರೆ ಕೀಲಿ ಗೊತ್ತು, ಕನ್ನಡ ಅಕ್ಷರ ಅಂಟಿಸಿಕೊಳ್ಳುವ ಅಗತ್ಯವೇ ಇಲ್ಲ. ಆದರೆ ದೀರ್ಘಕ್ಕೆ ಶಿಫ್ಟು, ಮಹಾಪ್ರಾಣಕ್ಕೆ ಶಿಫ್ಟು, ಸೊನ್ನೆಗೆ ಶಿಫ್ಟು, ಳ, ಣಕ್ಕೆ ಶಿಫ್ಟು. ನಮ್ಮ ಜಿಲ್ಲೆಯ ಊರಿನ ಹೆಸರೇ ಹೊಡೆದು ನೋಡಿ. ಕಾರವಾರಕ್ಕೆ ಎರಡು ಶಿಫ್ಟು. ಗೋಕರ್ಣಕ್ಕೆ ಎರಡು. ಅಂಕೋಲಾಕ್ಕೆ ಆರು ಕೀಲಿ, ಅದರಲ್ಲಿ ಮೂರಕ್ಕೆ ಶಿಫ್ಟು. ಯಾಣಕ್ಕೆ ಇರುವುದೇ ಮೂರು ಕೀಲಿ, ಎರಡಕ್ಕೆ ಶಿಫ್ಟು.

ನಿಮ್ಮ 18,500ರ ಯಂತ್ರ ಕಿರುಬೆರಳಿಗೆ ಏನಾದರೂ ಮಾಡುತ್ತದೆಯೇ? ಮಾಡುವುದಿಲ್ಲ ಅಂದರೆ ಅದು ಬರೀ ಆಟಿಕೆ.

ಕಾಳಿ ದಂಡೆ

ಅಕ್ಕೋರೆ, ನಮಸ್ಕಾರ. ನಿಮ್ಮ ಪ್ರಶ್ನೆಗೆ ನಿನ್ನೆ ರಾತ್ರಿಯಿಂದ ತಲೆ ಕೊಟ್ಟು ಕೂತಿದ್ದೇನೆ. ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಯಾಕೆಂದರೆ ಮಾಡಿ ನೋಡಿ ಬರೆಯಬೇಕಿತ್ತು.

ಇಂಥ ಕೀಬೋರ್ಡಿನ ಒಳಗೆ ಒಂದು ಸಣ್ಣ ಚಿಪ್ಪು ಇರುತ್ತದೆ. ಅದರಲ್ಲಿ ಓಡುವುದು ಕ್ಯೂಎಂಕೆ ಅನ್ನುವ ಫರ್ಮ್‌ವೇರು. ಪುಕ್ಕಟೆ, ಯಾರು ಬೇಕಾದರೂ ತಿದ್ದಬಹುದು. ಯಾವ ಕೀ ಒತ್ತಿದರೆ ಏನು ಹೋಗಬೇಕು ಅನ್ನುವುದು ಕೀಬೋರ್ಡಿನಲ್ಲೇ ತೀರ್ಮಾನ ಆಗುತ್ತದೆ. ಅದರಲ್ಲಿ ಆಟೊ ಶಿಫ್ಟ್ ಅಂತ ಒಂದು ಸೌಲಭ್ಯ. ಕೀಯನ್ನು ಮುಟ್ಟಿ ಬಿಟ್ಟರೆ ಸಣ್ಣ ಅಕ್ಷರ. ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಶಿಫ್ಟ್ ಒತ್ತಿದ ಹಾಗೆ ದೊಡ್ಡಕ್ಷರ. 'ಸ್ವಲ್ಪ ಹೊತ್ತು' ಅಂದರೆ ಮೊದಲೇ ಹಾಕಿಟ್ಟದ್ದು 175 ಮಿಲಿಸೆಕೆಂಡು.

ಇಂಗ್ಲಿಷಿನವರಿಗೆ ಇದು ವಾಕ್ಯದ ಮೊದಲ ಅಕ್ಷರಕ್ಕೆ ಬೇಕಾಗುವ ಸಣ್ಣ ಅನುಕೂಲ. ಕನ್ನಡದಲ್ಲಿ ಏನಾಗುತ್ತದೆ ನೋಡಿ. ಇಂಗ್ಲಿಷಿನ ಐ ಕೀ ಮುಟ್ಟಿ ಬಿಟ್ಟರೆ ಗುಡಿಸು, ಹಿಡಿದರೆ ಗುಡಿಸಿನ ದೀರ್ಘ. ಒ ಮುಟ್ಟಿದರೆ ಹ್ರಸ್ವ, ಹಿಡಿದರೆ ದೀರ್ಘ. ಕ ಹಿಡಿದರೆ ಖ. ಬ ಹಿಡಿದರೆ ಭ. ನ ಹಿಡಿದರೆ ಣ. ಎಳೆದು ಹೇಳುವ ಅಕ್ಷರವನ್ನು ಎಳೆದೇ ಒತ್ತುವುದು! ಮೂರನೇ ಕ್ಲಾಸಿನಲ್ಲಿ ಮಗ್ಗಿ ಹಾಗೆ ಕಾ ಕಿ ಕೀ ಹೇಳಿದ್ದೇ ಬೆರಳಿಗೆ ಬಂತು. ಕಿರುಬೆರಳಿಗೆ ರಜೆ.

ರಾತ್ರಿ ಒಂದು ಗಂಟೆಗೆ ಆಯಿಯನ್ನು ಎಬ್ಬಿಸಿ ಹೇಳಬೇಕು ಅನ್ನಿಸಿತು. ಒತ್ತಿದರೆ ಬೇರೆ ಅಕ್ಷರ ಬರ್ತದೆ ಅಂತ.

ಪೂರ್ತಿ ಸುಖವೇ ಅಂತ ತಿಳಿಯಬೇಡಿ. ಇವತ್ತು ಬೆಳಿಗ್ಗೆ ಒಂದು ಹಾಲಿನ ಸೊಸೈಟಿಯ ವರದಿ ಹೊಡೆದೆ. 'ಸಹಾಯಧನ' ಅನ್ನುವಲ್ಲಿ ಬೆರಳು ಬೇಗ ಎದ್ದಿದೆ. ಮೂರು ಕಡೆ 'ಸಹಾಯದನ' ಆಗಿ ಕೂತಿದೆ. ಕಾರ್ಯದರ್ಶಿಯವರು ಫೋನ್ ಮಾಡಿ, ಇದು ಯಾವ ತಳಿ ಅಂತ ಕೇಳಿದರು. 175ನ್ನು 150 ಮಾಡಿದೆ. ಆಗ 'ಬಾಗಿಲು' ಹೋಗಿ 'ಭಾಗಿಲು' ಆಯಿತು. ಸದ್ಯ 165ಕ್ಕೆ ನಿಂತಿದ್ದೇನೆ. ವೇಗವೂ ಮೊದಲಿಗಿಂತ ಕಡಿಮೆ. ಕೈ ಹೊಂದಿಕೊಳ್ಳಲು ಇನ್ನೂ ಎರಡು ವಾರ ಬೇಕು.

ಸುಮ್ನೆ ಓದುವವ

ಒಳ್ಳೆ ಕತೆ. ಆದರೆ ಇದಕ್ಕೆ 18,500 ಯಾಕೆ ಬೇಕು? ಆಟೊಹಾಟ್‌ಕೀ ಅಂತ ಪುಕ್ಕಟೆ ಸಾಫ್ಟ್‌ವೇರು ಇದೆ, ವಿಂಡೋಸಿಗೆ. ಹತ್ತಿಪ್ಪತ್ತು ಸಾಲು ಬರೆದರೆ 450ರ ಕೀಬೋರ್ಡಿನಲ್ಲೇ ಇದನ್ನು ಮಾಡಬಹುದು. ಅಷ್ಟೂ ಬೇಡ ಅಂದರೆ ವಿಂಡೋಸಿನಲ್ಲೇ ಸ್ಟಿಕಿ ಕೀಸ್ ಇದೆ. ಶಿಫ್ಟ್ ಐದು ಸಲ ಒತ್ತಿದರೆ ಎದ್ದು ಬರುತ್ತದಲ್ಲ, ಎಲ್ಲರೂ ಬೈದು ಮುಚ್ಚುತ್ತೀರಲ್ಲ, ಅದೇ. ಶಿಫ್ಟ್ ಒಮ್ಮೆ ಮುಟ್ಟಿ ಬಿಟ್ಟರೆ ಮುಂದಿನ ಅಕ್ಷರ ದೊಡ್ಡದಾಗುತ್ತದೆ. ಕಿರುಬೆರಳು ಹಿಡಿದು ಕೂರಬೇಕಿಲ್ಲ.

ಖರ್ಚು: ಸೊನ್ನೆ.

ಚಾಲಿ ರಾಶಿ

ಭಾವಾ, ಈ ಸಲ ನಿನ್ನ ಮಾತು ಮುಕ್ಕಾಲು ಸರಿ. ಒಪ್ಪಿದೆ.

ಉಳಿದ ಕಾಲು ಭಾಗ ಹೇಳುತ್ತೇನೆ. ನನ್ನ ಕಂಪನಿ ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ಸಾಫ್ಟ್‌ವೇರು ಹಾಕಬೇಕಾದರೂ ಐಟಿಯವರ ಅನುಮತಿ ಬೇಕು. ಆಟೊಹಾಟ್‌ಕೀ ಕೇಳಿದ್ದಕ್ಕೆ ಎರಡು ಸಲ ಇಲ್ಲ ಅಂದರು. ಕೀಬೋರ್ಡಿನ ಒಳಗೇ ಇದ್ದರೆ ಯಾರನ್ನೂ ಕೇಳಬೇಕಿಲ್ಲ. ಕಂಪ್ಯೂಟರಿಗೆ ಅದು ಮಾಮೂಲಿ ಕೀಬೋರ್ಡು, ಅಷ್ಟೇ. ಕಾರವಾರದವರು ವಾರಕ್ಕೆ ಎರಡು ದಿನ ಬೇರೆ ಕಡೆ ಕೂರುತ್ತಾರಂತೆ. ಚೀಲದಲ್ಲಿ ಹಾಕಿಕೊಂಡು ಹೋಗಿ ಚುಚ್ಚಿದರೆ ಅವರ ಕೈ ಅವರ ಜೊತೆಗೇ ಹೋದ ಹಾಗೆ.

ಆದರೆ ನಿಜ ಹೇಳಬೇಕು ಅಂದರೆ ಕ್ಯೂಎಂಕೆ ಇರುವ, ಹಾಟ್‌ಸ್ವಾಪ್ ಇರುವ ಪ್ಲಾಸ್ಟಿಕ್ ಕೀಬೋರ್ಡು ಇವತ್ತು ನಾಲ್ಕೈದು ಸಾವಿರಕ್ಕೂ ಸಿಗುತ್ತದೆ. ಕಿರುಬೆರಳಿಗೆ ಬೇಕಾದದ್ದು ಅಷ್ಟೇ. ಮೇಲಿನ ಹದಿಮೂರು ಸಾವಿರ ಅಲ್ಯೂಮಿನಿಯಮ್ಮಿಗೆ, ಬಣ್ಣಕ್ಕೆ, ಆ ಸುರುಳಿ ಕೇಬಲ್ಲಿಗೆ, ಮತ್ತೆ ಆ ಚಾಪೆ ಮೇಲೆ ಕೂತ ರಾತ್ರಿಗೆ. ಅದಕ್ಕೆ ಉಪಯೋಗ ಅಂತ ಹೆಸರು ಕೊಡಬೇಡಿ. ನಾನು ಯಕ್ಷಗಾನಕ್ಕೆ ರಾತ್ರಿಯಿಡೀ ಕೂರುತ್ತೇನೆ, ಅದರ ಉಪಯೋಗ ಏನು ಅಂತ ಯಾರಿಗಾದರೂ ಹೇಳಿದ್ದೇನಾ?

ಕಾಳಿ ದಂಡೆ

ಒಪ್ಪಿದೆ. ಸುರುಳಿ ಕೇಬಲ್ಲು ಮಾರಾಟಕ್ಕಿದೆ. 500.

ಭಟ್ಕಳ ಹುಡುಗ

ನಾನು ಡಿಗ್ರಿ ಎರಡನೇ ವರ್ಷ. ನನ್ನ ಹತ್ತಿರ 4,000 ಇದೆ. ಬಣ್ಣದ ಲೈಟಿರುವ ಗೇಮಿಂಗ್ ಮೆಕ್ಯಾನಿಕಲ್ 2,500ಕ್ಕೆ ಸಿಗ್ತಾ ಇದೆ. ಅದು ತಗೊಳ್ಳಲಾ, ಇನ್ನೂ ದುಡ್ಡು ಕೂಡಿಸಲಾ?

ಬೆಸುಗೆ

ಲೈಟು ನೋಡಬೇಡ ತಮ್ಮ. ಮೂರು ವಿಷಯ ಕೇಳು. ಸ್ವಿಚ್ಚು ಕೈಯಲ್ಲಿ ಕಿತ್ತು ಹಾಕಲಿಕ್ಕೆ ಬರುತ್ತದಾ? ಬಂದರೆ ಮೂರು ಕಾಲಿನದಾ, ಐದು ಕಾಲಿನದಾ? ಕೆಲವು ಅಗ್ಗದ್ದರಲ್ಲಿ ಹಾಟ್‌ಸ್ವಾಪ್ ಅಂತ ಬರೆದಿರುತ್ತಾರೆ, ಆದರೆ ಒಂದೇ ಕಂಪನಿಯ ತೆಳು ಕಾಲಿನ ಸ್ವಿಚ್ಚು ಮಾತ್ರ ಕೂರುತ್ತದೆ. ಯಾವ ಕೀಗೆ ಯಾವ ಅಕ್ಷರ ಅಂತ ಬದಲಿಸಲು ಕ್ಯೂಎಂಕೆ ಅಥವಾ ಅದರ ಜೊತೆಯ ವಯಾ ಆ್ಯಪು ಬರುತ್ತದಾ, ಅಥವಾ ಅವರದ್ದೇ ಯಾವುದೋ ಸಾಫ್ಟ್‌ವೇರು ಹಾಕಬೇಕಾ? ಮೂರಕ್ಕೂ ಸರಿಯಾದ ಉತ್ತರ ಬಂದರೆ ತಗೋ.

ಕ್ಯಾಪು ಪಿಬಿಟಿ ಆದರೆ ಒಳ್ಳೆಯದು. ಎಬಿಎಸ್ ಪ್ಲಾಸ್ಟಿಕ್ ಆದರೆ ವರ್ಷದಲ್ಲಿ ಬೆರಳಿನ ಎಣ್ಣೆಗೆ ಹೊಳೆಯಲು ಶುರುವಾಗುತ್ತದೆ. ಹೊಳೆದರೆ ಹೊಳೆಯಲಿ, ಟೈಪ್ ಆಗುತ್ತದೆ. ಅದಕ್ಕೆ ದುಡ್ಡು ಹಾಕಬೇಡ.

ಗ್ರೀಸು ಹಚ್ಚುವುದು, ಫಿಲ್ಮು ಇಡುವುದು ಇವತ್ತೇ ಬೇಡ. ಈಗೀಗ ಕಂಪನಿಯಲ್ಲೇ ಗ್ರೀಸು ಹಚ್ಚಿದ ಸ್ವಿಚ್ಚು ಸಿಗುತ್ತದೆ, ಸಾಕಷ್ಟು ಚೆನ್ನಾಗೇ ಇರುತ್ತದೆ. ಹೊರದೇಶದಿಂದ ತರಿಸಲಿಕ್ಕೆ ಹೋಗಬೇಡ. ಸುಂಕ, ಜಿಎಸ್‌ಟಿ, ಕೊರಿಯರಿನವರ ಕೈಖರ್ಚು ಸೇರಿ ಅಗ್ಗ ಅಂದುಕೊಂಡದ್ದು ಅಗ್ಗ ಉಳಿಯುವುದಿಲ್ಲ. ಇಲ್ಲಿಯ ಅಂಗಡಿ ಬೆಲೆಯಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿಯೇ ಇರುತ್ತದೆ, ಅದನ್ನು ನೆನಪಿಟ್ಟು ಹೋಲಿಸು. ಬೆಂಗಳೂರಿಗೆ ಹೋದರೆ ಎಸ್.ಪಿ. ರೋಡಿನಲ್ಲಿ ಕೈಯಲ್ಲಿ ಒತ್ತಿ ನೋಡು. ಬೆರಳಿಗೆ ಹಿಡಿಸದೆ ವಿಡಿಯೊದ ಶಬ್ದ ಕೇಳಿ ತಗೊಂಡವರೇ ಎರಡನೇ ಸೆಟ್ ಸ್ವಿಚ್ಚು ತರಿಸುವುದು.

ಮೇಲೆ ಯಾರ ವಿಷಯ ಹೇಳಿದೆ ಅಂತ ಕೇಳಬೇಡ.

ಕಾಳಿ ದಂಡೆ

ಗೊತ್ತಾಯಿತು ಮಾರಾಯ್ರೇ. ತಮ್ಮಾ ಭಟ್ಕಳ, ನನ್ನ ಆ ಬ್ಲೂ ಸ್ವಿಚ್ಚಿನ ಸೆಟ್ ಹಾಗೇ ಇದೆ. ಐದು ಕಾಲಿನವು, ಎರಡು ಕತ್ತರಿಸಿದರೆ ಮೂರು ಕಾಲಿನದಕ್ಕೂ ಕೂರುತ್ತವೆ. ಪುಕ್ಕಟೆ ಕೊಡುತ್ತೇನೆ. ಮನೆಯಲ್ಲಿ ಬೇರೆಯವರು ಮಲಗುವ ಕೋಣೆ ಯಾವುದು ಅಂತ ನೋಡಿಕೊಂಡು ಹಾಕು.

ಸುಮ್ನೆ ಓದುವವ

ನಾನು ಸ್ಟಿಕಿ ಕೀಸ್ ಹಾಕಿ ಇವತ್ತು ಒಂದು ಅರ್ಜಿ ಟೈಪ್ ಮಾಡಿದೆ. ಕೆಲಸ ಮಾಡುತ್ತದೆ. ಆದರೆ ಒತ್ತಿದಾಗೆಲ್ಲ ಪೀಂ ಅನ್ನುತ್ತದೆ, ಆ ಶಬ್ದ ನಿಲ್ಲಿಸುವುದು ಎಲ್ಲಿ?

ಚಾಲಿ ರಾಶಿ

ಸೆಟ್ಟಿಂಗ್ಸಿನಲ್ಲಿ ಅಲ್ಲೇ ಕೆಳಗೆ ಇದೆ, ನೋಡು. ಶಬ್ದದ ಬಗ್ಗೆ ದೂರು ಶುರುವಾಯಿತು ಅಂದರೆ ಭಾವ ನಮ್ಮ ದಾರಿಗೆ ಬಂದ ಹಾಗೇ ಲೆಕ್ಕ.

ಬೆರಳಚ್ಚು ಅಕ್ಕೋರು

ಒತ್ತಿ ಹಿಡಿಯುವ ಉಪಾಯ ಓದಿದೆ. ಮೊದಲು ಸಿಟ್ಟು ಬಂತು. 31 ವರ್ಷ ನಾನು ಮಕ್ಕಳಿಗೆ ಹೇಳಿದ್ದು ಒಂದೇ, ಕೀಲಿಯ ಮೇಲೆ ಬೆರಳು ನಿಲ್ಲಬಾರದು, ಕಾದ ಬಾಣಲೆ ಮುಟ್ಟಿದ ಹಾಗೆ ಏಳಬೇಕು ಅಂತ. ನೀವು ಅದನ್ನೇ ತಲೆಕೆಳಗೆ ಮಾಡಿದ್ದೀರಿ. ಆದರೆ ನನ್ನ ಬಲಗೈ ಕಿರುಬೆರಳು ಈಗ ಪೂರ್ತಿ ಮಡಚುವುದಿಲ್ಲ. ಹಾಗಾಗಿ ಒಮ್ಮೆ ಕೈ ಇಟ್ಟು ನೋಡಬೇಕು.

ಇನ್ನೊಂದು ಪ್ರಶ್ನೆ. ಹಗುರ ಸ್ವಿಚ್ಚು ಅನ್ನುತ್ತೀರಲ್ಲ, ಎಷ್ಟು ಹಗುರ?

ಕಾಳಿ ದಂಡೆ

ಅಕ್ಕೋರೆ, ರೆಡ್ ಅನ್ನುವ ಮಾಮೂಲಿ ಸ್ವಿಚ್ಚಿಗೆ ಸುಮಾರು 45 ಗ್ರಾಂ ಒತ್ತಡ ಸಾಕು. ಪೂರ್ತಿ ಒತ್ತಿದರೆ 4 ಮಿಲಿಮೀಟರ್ ಇಳಿಯುತ್ತದೆ, ಅಕ್ಷರ ಮಾತ್ರ 2 ಮಿಲಿಮೀಟರಿಗೇ ಬರುತ್ತದೆ. ತಳ ಮುಟ್ಟಿಸಬೇಕಾಗಿಲ್ಲ.

ಶನಿವಾರ ಕುಮಟೆಗೆ ಬರುವ ಕೆಲಸ ಇದೆ. ಕೀಬೋರ್ಡು ಚೀಲದಲ್ಲಿ ಹಾಕಿಕೊಂಡು ಬರುತ್ತೇನೆ. ನಿಮಗಾಗಿ ಸಮಯ 220ಕ್ಕೆ ಇಡುತ್ತೇನೆ, ನಿಧಾನಕ್ಕೆ ಹಿಡಿದರಾಯಿತು.

ಬೆರಳಚ್ಚು ಅಕ್ಕೋರು

ನಿಧಾನ ಯಾಕೆ? 165ಕ್ಕೇ ಇಟ್ಟು ತನ್ನಿ. ಊಟ ನಮ್ಮಲ್ಲೇ. ಆ ಹೊನ್ನಾವರದವರು ಬಂದರೆ ಅಟ್ಟದ ಮೇಲಿನ ಮಷೀನು ಇಳಿಸಿಕೊಡಲಿ, ಅದರ ರಿಬ್ಬನ್ ಚಕ್ರ ತಿರುಗುತ್ತಿಲ್ಲ.

ಬೆಸುಗೆ

ಬರ್ತೇನೆ ಅಕ್ಕೋರೆ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವುದಿಲ್ಲ, ಐಪಿಎ, ಅಂದರೆ ತೊಳೆಯುವ ಆಲ್ಕೋಹಾಲು, ಅದರ ಬಾಟ್ಲಿ ತರುತ್ತೇನೆ.